ಐದು ವರ್ಷದ ಮಗಳ ಜೊತೆ ಜಪಾನಿನಲ್ಲಿ ಸ್ಕೀ: ದೊಡ್ಡ ಹೆಸರಿನ ಜಾಗ ಬೇಕಾ, ಸಣ್ಣ ಬೆಟ್ಟ ಸಾಕಾ?

ಬಸವನಗುಡಿ ಬೈಟು · ಅಕ್ಟೋಬರ್ 9

ನಮಸ್ಕಾರ. ಜನವರಿ ಕೊನೆಯಲ್ಲಿ ಟೋಕಿಯೊಗೆ ಬರುತ್ತಿದ್ದೇವೆ. ನಾನು, ಮನೆಯವರು, ಐದು ವರ್ಷದ ಮಗಳು, ಜೊತೆಗೆ ಮೈಸೂರಿನಿಂದ ಅತ್ತೆ. ಒಟ್ಟು ಹತ್ತು ದಿನ. ಅದರಲ್ಲಿ ಮೂರು ದಿನ ಹಿಮಕ್ಕೆ ಅಂತ ಎತ್ತಿಟ್ಟಿದ್ದೇವೆ. ಮಗಳು ಇದುವರೆಗೆ ಹಿಮ ಅಂತ ನೋಡಿರುವುದು ನಮ್ಮ ಹಳೇ ಫ್ರಿಜ್ಜಿನ ಫ್ರೀಜರಿನಲ್ಲಿ ಮಾತ್ರ. ನಮ್ಮಿಬ್ಬರಿಗೂ ಸ್ಕೀ ಬರುವುದಿಲ್ಲ.

ಮನೆಯವರ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ನಿಸೆಕೊ, ಹಕುಬಾ ಅನ್ನುವ ದೊಡ್ಡ ಸ್ಕೀ ಊರುಗಳೇ. ನಿಸೆಕೊ ರೂಮಿನ ಬಾಡಿಗೆ ನೋಡಿ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಕೇಳಬೇಕಾಗಿರುವುದು ಇಷ್ಟು. ಅತ್ತೆಗೆ ಮಂಡಿ ನೋವು. ಸ್ಕೀ ಮಾತೇ ಇಲ್ಲ, ಆದರೆ ಮೊಮ್ಮಗಳು ಕಣ್ಣಿಗೆ ಕಾಣುವ ಹಾಗೆ ಎಲ್ಲಾದರೂ ಬೆಚ್ಚಗೆ ಕೂರಬೇಕು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಜಪಾನೀಸ್‌ನಲ್ಲಿ ‘ಅರಿಗಾತೊ’ ಬಿಟ್ಟರೆ ಏನೂ ಗೊತ್ತಿಲ್ಲ. ಸಣ್ಣ ಜಾಗಕ್ಕೆ ಹೋದರೆ ಪೇಚಿಗೆ ಸಿಕ್ಕಿಕೊಳ್ಳುತ್ತೇವಾ? ಮಕ್ಕಳನ್ನು ಕರೆದುಕೊಂಡು ಹೋಗಿಬಂದವರು ಹೇಳಿ.

ಕಸಾಯಿ ಕನ್ನಡತಿ · ಅಕ್ಟೋಬರ್ 9

ಬೈಟು ಅವರೇ, ನಾವು ಟೋಕಿಯೊದ ನಿಶಿಕಸಾಯಿಗೆ ಬಂದು ಎಂಟು ವರ್ಷ ಆಯಿತು. ಮಗನ ಜೊತೆ ನಾಲ್ಕು ಚಳಿಗಾಲ ಸ್ಕೀಗೆ ಹೋಗಿದ್ದೇನೆ. ಮೊದಲ ಸಲ ನಾವೂ ಹೆಸರು ಕೇಳಿಯೇ ಹೋದದ್ದು. ಅವನಿಗಾಗ ನಾಲ್ಕು ವರ್ಷ.

ದೊಡ್ಡ ಬೆಟ್ಟ. ಪಾರ್ಕಿಂಗಿನಿಂದ ಬಾಡಿಗೆ ಕೌಂಟರಿಗೆ ಹೋಗಲು ಬಸ್ಸು. ಅಲ್ಲಿ ಮುಕ್ಕಾಲು ಗಂಟೆ ಕ್ಯೂ. ಸ್ಕೀ ಬೂಟು ಹಾಕಿಕೊಂಡು ನಡೆಯುವುದು ಅಂದರೆ ಎರಡು ಕಾಲಿಗೂ ಸಿಮೆಂಟ್ ಪಟ್ಟಿ ಹಾಕಿಸಿಕೊಂಡ ಹಾಗೆ. ಒಂದು ಹೆಗಲ ಮೇಲೆ ನನ್ನ ಸ್ಕೀ, ಕಂಕುಳಲ್ಲಿ ಅವನದು, ಅವನು ಜಾಕೆಟ್ ಜಗ್ಗುತ್ತಾ ಹಿಂದೆ. ಲಿಫ್ಟಿನ ಸಾಲಿನಲ್ಲಿ ನಮ್ಮ ಮುಂದೆ ಇನ್ನಿಬ್ಬರೇ ಇದ್ದರು. ಆಗ ಬಂತು: ‘ಅಮ್ಮಾ, ಸೂಸು.’

ಟಾಯ್ಲೆಟ್ ಇದ್ದದ್ದು ಬಾಡಿಗೆ ಕೌಂಟರ್ ಪಕ್ಕ. ಸ್ಕೀ ಬಿಚ್ಚಿ, ಹೊತ್ತು, ಮೆಟ್ಟಿಲು ಇಳಿದು ಹೋದೆವು. ಅವನಿಗೆ ಹಾಕಿದ್ದು ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಪೀಸಿನ ಸೂಟು. ಜಿಪ್ಪಿನ ಹಲ್ಲುಗಳಲ್ಲಿ ಹಿಮ ಕೂತು ಗಟ್ಟಿಯಾಗಿತ್ತು. ನನ್ನ ಬೆರಳು ಮರಗಟ್ಟಿ ಜಿಪ್ಪೇ ಹಿಡಿತಕ್ಕೆ ಸಿಗಲಿಲ್ಲ. ಕೊನೆಗೆ ಬಾಯಲ್ಲಿ ಕಚ್ಚಿ ಎಳೆದೆ. ಜಿಪ್ಪು ಇಳಿಯಿತು, ಅಷ್ಟರಲ್ಲಿ ಸೂಟಿನೊಳಗೆ ಕೆಲಸ ಮುಗಿದಿತ್ತು. ಬದಲಿ ಬಟ್ಟೆ ಕಾರಿನಲ್ಲಿ. ಕಾರಿನ ಹತ್ತಿರ ಹೋಗಲು ಮತ್ತೆ ಬಸ್ಸು. ಇಡೀ ದಿನದ ಟಿಕೆಟ್ ತೆಗೆದುಕೊಂಡು ಎರಡೇ ಎರಡು ಸಲ ಲಿಫ್ಟ್ ಹತ್ತಿದೆವು.

ಅವತ್ತಿನಿಂದ ಸ್ಕೀ ಬೆಟ್ಟದ ಮ್ಯಾಪಿನಲ್ಲಿ ನಾನು ಮೊದಲು ಹುಡುಕುವುದು ಟಾಯ್ಲೆಟ್. ಆಮೇಲೆ ಮಕ್ಕಳ ಜಾಗದಿಂದ ಕ್ಯಾಂಟೀನಿಗೆ ಎಷ್ಟು ಹೆಜ್ಜೆ ಅಂತ. ಬೆಟ್ಟ ಎಷ್ಟೆತ್ತರ, ಲಿಫ್ಟ್ ಎಷ್ಟು, ಹಿಮ ಎಷ್ಟು ಮೃದು, ಇದೆಲ್ಲ ನಿಮಗೀಗ ಬೇಕಾಗಿಯೇ ಇಲ್ಲ. ಐದು ವರ್ಷದ ಮಗುವಿಗೆ ನಮ್ಮ ಮನೆ ಮುಂದಿನ ರಸ್ತೆಯಷ್ಟು ಉದ್ದದ ಇಳಿಜಾರು ಸಾಕು. ಸಣ್ಣ ಬೆಟ್ಟದಲ್ಲಿ ಬಾಡಿಗೆ ಕೌಂಟರ್, ಟಾಯ್ಲೆಟ್, ಊಟ, ಮಕ್ಕಳ ಜಾಗ ಎಲ್ಲ ಒಂದೇ ಅಂಗಳದಲ್ಲಿ ಇರುತ್ತವೆ. ನನ್ನ ಓಟು ಅದಕ್ಕೆ.

ನಿಮಗೆ ಅಂತ ಯೋಚಿಸಿದರೆ ನೀಗಾತಾ ಪ್ರಾಂತ್ಯದ ಯುಜಾವಾ ನಕಾಜಾತೊ ಅನ್ನುವ ಸ್ಕೀ ಬೆಟ್ಟ ನೆನಪಿಗೆ ಬರುತ್ತದೆ. ಟೋಕಿಯೊದಿಂದ ಜೊಯೆತ್ಸು ಶಿಂಕನ್ಸೆನ್, ಅಂದರೆ ಬುಲೆಟ್ ರೈಲು ಹತ್ತಿದರೆ ಎಚಿಗೊ-ಯುಜಾವಾಗೆ ಸುಮಾರು ಒಂದೂಕಾಲು ಗಂಟೆ. ಅಲ್ಲಿಂದ ಲೋಕಲ್ ರೈಲಿನಲ್ಲಿ ಎರಡನೇ ಸ್ಟೇಷನ್ ಎಚಿಗೊ-ನಕಾಜಾತೊ. ಆದರೆ ಲೋಕಲ್ ರೈಲು ದಿನಕ್ಕೆ ಬೆರಳೆಣಿಕೆಯಷ್ಟೇ. ಸ್ಟೇಷನ್‌ನಿಂದ ಹೊರಗೆ ಬಂದರೆ ಎದುರಿಗೇ ಇಳಿಜಾರು, ಆಟೊ ಹುಡುಕುವ ಕೆಲಸ ಇಲ್ಲ. ಮುಖ್ಯ ವಿಷಯ, ಅತ್ತೆಯವರಿಗೆ ಕೂರಲು ಜಾಗ. ಅಲ್ಲಿ ಸೇವೆ ಮುಗಿಸಿದ ಹಳೇ ರೈಲು ಬೋಗಿಗಳನ್ನು ತಂದು ಸಾಲಾಗಿ ನಿಲ್ಲಿಸಿ ವಿಶ್ರಾಂತಿ ಕೋಣೆ ಮಾಡಿದ್ದಾರೆ. ಟಿಕೆಟ್ ಬೇಡ. ಕಿಟಕಿ ಪಕ್ಕ ಕೂತರೆ ಹೊರಗೆ ಹಿಮ, ಮೊಮ್ಮಗಳು.

ರೈಲಿನಲ್ಲಿ ಅತ್ತೆಯವರನ್ನು ಕಿಟಕಿಗೇ ಕೂರಿಸಿ. ಗುನ್ಮಾ ಕಡೆ ಬಿಸಿಲು, ಒಣಗಿದ ಗದ್ದೆ. ಆಮೇಲೆ 22 ಕಿಲೋಮೀಟರ್ ಉದ್ದದ ದೈ-ಶಿಮಿಜು ಸುರಂಗ. ಆಚೆ ಬಂದರೆ ಮನೆಯ ಮಾಡು ಕಾಣದಷ್ಟು ಹಿಮ. ಸೈಬೀರಿಯಾದ ಒಣಗಾಳಿ ಜಪಾನ್ ಸಮುದ್ರದ ಮೇಲೆ ಬರುವಾಗ ನೀರು ಹೀರಿಕೊಂಡು ಈ ಬೆಟ್ಟಸಾಲಿಗೆ ಬಡಿಯುತ್ತದೆ. ಬೆಟ್ಟದ ಸಮುದ್ರದ ಕಡೆಗೆ ಹಿಮ ಎಲ್ಲ ಸುರಿದು ಟೋಕಿಯೊ ಕಡೆಗೆ ಬರೀ ಒಣಗಾಳಿ ಉಳಿಯುತ್ತದೆ. ನಮ್ಮ ಆಗುಂಬೆಯ ಮಳೆ, ಚಿತ್ರದುರ್ಗದ ಬಿಸಿಲು ಇದ್ದ ಹಾಗೇ.

ಜಯನಗರ ಫೋರ್ತ್ ಬ್ಲಾಕ್ · ಅಕ್ಟೋಬರ್ 10

ಸುಮ್ನೆ ಕೇಳುತ್ತಿದ್ದೇನೆ, ಗುಲ್ಮಾರ್ಗ್ ಇರುವಾಗ ಜಪಾನ್ ತನಕ ಯಾಕೆ? ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ.

ಕಸಾಯಿ ಕನ್ನಡತಿ · ಅಕ್ಟೋಬರ್ 10

ಗುಲ್ಮಾರ್ಗ್ ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಊರೇ 2,600 ಮೀಟರ್‌ಗಿಂತ ಮೇಲಿದೆ. ಮಗು, ವಯಸ್ಸಾದವರು ಇದ್ದರೆ ಮೊದಲ ದಿನ ತಲೆನೋವು, ವಾಂತಿ ಅಂತ ಹೋಗಬಹುದು. ಯುಜಾವಾ ಊರು ಇರುವುದು ಸುಮಾರು 350 ಮೀಟರ್ ಎತ್ತರದಲ್ಲಿ. ಬೆಂಗಳೂರಿಗಿಂತ ಕೆಳಗೆ! ಅಷ್ಟು ತಗ್ಗಿನಲ್ಲಿ ಆಳೆತ್ತರ ಹಿಮ ಬೀಳುವುದೇ ಅಲ್ಲಿನ ಮಜಾ. ಇನ್ನು ಅವರು ಹೇಗೂ ಟೋಕಿಯೊಗೆ ಬರುತ್ತಿದ್ದಾರಲ್ವಾ.

ಸಪ್ಪೊರೊ ಸೊಸೆ · ಅಕ್ಟೋಬರ್ 10

ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ. ಯುಜಾವಾ ಹಿಮ ಒದ್ದೆ ಹಿಮ. ಮಧ್ಯಾಹ್ನದ ಹೊತ್ತಿಗೆ ಮಗುವಿನ ಕೈಗವಸು ಹಿಂಡಿದರೆ ನೀರು ಬರುತ್ತದೆ. ಇಲ್ಲಿ ಉತ್ತರದ ದ್ವೀಪ ಹೊಕ್ಕೈದೊದಲ್ಲಿ ಹಿಮ ಅಕ್ಕಿಹಿಟ್ಟಿನ ಹಾಗೆ, ಕೊಡವಿದರೆ ಉದುರಿಹೋಗುತ್ತದೆ. ಬಿದ್ದರೂ ನೋವಿಲ್ಲ.

ನಿಸೆಕೊ ಬೇಡ ಅಂದರೆ ಬೇಡ. ಸಪ್ಪೊರೊ ಊರೊಳಗೇ ಬಂಕೇಯಿ ಅಂತ ಸಣ್ಣ ಬೆಟ್ಟ ಇದೆ. ಮರುಯಾಮಾ ಕೋಎನ್ ಮೆಟ್ರೊ ಸ್ಟೇಷನ್‌ನಿಂದ ಬಸ್ಸು. ಸಾಯಂಕಾಲ ಲೈಟ್ ಹಾಕಿ ರಾತ್ರಿ ಸ್ಕೀ ಕೂಡ ನಡೆಯುತ್ತದೆ. ಇಲ್ಲಿನ ಪ್ರೈಮರಿ ಸ್ಕೂಲುಗಳಲ್ಲಿ ಸ್ಕೀ ಪಾಠವೇ ಇದೆ. ಜನವರಿ, ಫೆಬ್ರವರಿಯಲ್ಲಿ ಇಡೀ ಕ್ಲಾಸು ಬಸ್ಸಿನಲ್ಲಿ ಬೆಟ್ಟಕ್ಕೆ ಹೊರಡುತ್ತದೆ. ಅದಕ್ಕೇ ಮಕ್ಕಳ ಬೂಟು, ಸ್ಕೀ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತವೆ. ಫೆಬ್ರವರಿ ಮೊದಲ ವಾರ ಮಾತ್ರ ಬರಬೇಡಿ, ಹಿಮ ಉತ್ಸವದ ಜನಜಂಗುಳಿ, ಹೋಟೆಲ್ ರೇಟು ಆಕಾಶಕ್ಕೆ ಏರಿರುತ್ತದೆ.

ಕಸಾಯಿ ಕನ್ನಡತಿ · ಅಕ್ಟೋಬರ್ 10

ಸೊಸೆಯವರೇ, ಹಿಮದ ವಿಷಯದಲ್ಲಿ ನೀವು ಹೇಳುವುದು ನೂರಕ್ಕೆ ನೂರು ಸರಿ. ಆದರೆ ಮೈನಸ್ ಹತ್ತರಲ್ಲಿ ಬೆಂಗಳೂರಿನ ಮಗು ಎಷ್ಟು ಹೊತ್ತು ನಿಲ್ಲುತ್ತದೆ? ಇವರ ಹತ್ತಿರ ಇರುವುದು ಮೂರು ದಿನ. ವಿಮಾನದಲ್ಲಿ ಹೋಗಿಬರುವುದಕ್ಕೇ ಒಂದು ದಿನ ಹೋಗುತ್ತದೆ. ಒದ್ದೆ ಕೈಗವಸಿಗೆ ಮದ್ದು ಎರಡನೇ ಜೊತೆ ಕೈಗವಸು, ಅಷ್ಟೇ.

ಅವಲಕ್ಕಿ ಡಬ್ಬಿ · ಅಕ್ಟೋಬರ್ 11

ಊಟದ ಬಗ್ಗೆ ಯಾರೂ ಬಾಯಿಬಿಟ್ಟಿಲ್ಲ, ನಾನೇ ಹೇಳುತ್ತೇನೆ. ಸ್ಕೀ ಬೆಟ್ಟದ ಕ್ಯಾಂಟೀನಿನಲ್ಲಿ ನಮಗೆ ಸಿಗುವುದು ಫ್ರೆಂಚ್ ಫ್ರೈಸ್ ಮತ್ತು ಬಿಳಿ ಅನ್ನ. ಇದು ತಮಾಷೆ ಅಲ್ಲ. ಕರಿ ರೈಸ್ ನೋಡಲು ನಮ್ಮ ಸಾಗು ಥರ ಇರುತ್ತದೆ, ತುಂಡು ಕಾಣದಿದ್ದರೂ ಒಳಗೆ ಮಾಂಸದ ಸಾರ ಇರುತ್ತದೆ. ಉದೋನ್, ಸೊಬಾ ಬರೀ ಶಾವಿಗೆ ಅಂದುಕೊಂಡರೆ ಸಾರು ಒಣಮೀನಿನದು. ‘ಮೀನು ಇಲ್ಲ ತಾನೇ’ ಅಂತ ಕೇಳಿದರೆ ಪಾಪ, ಇಲ್ಲ ಅಂತಲೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ದಾಶಿ, ಅಂದರೆ ಆ ಒಣಮೀನಿನ ಸಾರು, ಮೀನಲ್ಲ, ನೀರು. ಸುಳ್ಳು ಹೇಳುತ್ತಿದ್ದಾರೆ ಅಂತ ಸಿಟ್ಟಾಗಬೇಡಿ.

ನನ್ನ ಚೀಲ ಹೀಗಿರುತ್ತದೆ. ಒಳ್ಳೆ ಫ್ಲಾಸ್ಕಿನಲ್ಲಿ ಕುದಿಯುವ ನೀರು. ಮನೆಯಲ್ಲೇ ಒಗ್ಗರಣೆ ಹಾಕಿ ಒಣಗಿಸಿದ ಅವಲಕ್ಕಿ, ಉಪ್ಪು, ಹುಳಿಪುಡಿ ಎಲ್ಲ ಬೆರೆಸಿದ್ದು. ಡಬ್ಬಿಗೆ ನೀರು ಸುರಿದು ಮುಚ್ಚಿಟ್ಟರೆ ಐದು ನಿಮಿಷಕ್ಕೆ ಗೊಜ್ಜವಲಕ್ಕಿ. ಕ್ಯಾಂಟೀನಿನಲ್ಲಿ ಬಿಳಿ ಅನ್ನ ಕೊಂಡು ಪುಳಿಯೋಗರೆ ಗೊಜ್ಜು ಕಲಸಬಹುದು ಅಂದುಕೊಳ್ಳುತ್ತೀರಿ ಅಲ್ವಾ? ತುಂಬಾ ಕಡೆ ರೆಸ್ಟೋರೆಂಟ್ ಒಳಗೆ ಹೊರಗಿನ ತಿಂಡಿ ಬಿಡುವುದಿಲ್ಲ. ‘ಮೊಚಿಕೊಮಿ ಕಿನ್ಶಿ’ ಅಂತ ಬೋರ್ಡು ಇರುತ್ತದೆ. ಅದಕ್ಕೆ ಬೇರೆಯಾಗಿ ‘ಮುರ್ಯೊ ಕ್ಯೂಕೇಜೊ’, ಅಂದರೆ ಪುಕ್ಕಟೆ ವಿಶ್ರಾಂತಿ ಕೋಣೆ ಇರುತ್ತದೆ. ಅಲ್ಲಿ ಜಪಾನಿನವರೂ ಮನೆಯಿಂದ ತಂದ ಬುತ್ತಿ ಬಿಚ್ಚಿರುತ್ತಾರೆ. ಕನ್ನಡತಿ ಅಕ್ಕ ಹೇಳಿದ ರೈಲು ಬೋಗಿ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಕನ್ವೀನಿಯನ್ಸ್ ಸ್ಟೋರಿನಲ್ಲಿ ಒನಿಗಿರಿ, ಅಂದರೆ ಅನ್ನದ ಉಂಡೆ ತೆಗೆದುಕೊಳ್ಳುವುದಾದರೆ ಬರೀ ಉಪ್ಪಿನದು ‘ಶಿಯೊ ಮುಸುಬಿ’, ಉಪ್ಪುಹುಳಿ ಹಣ್ಣಿನದು ‘ಉಮೆ’. ಉಮೆ ನಮ್ಮ ಮಗಳಿಗೆ ಇಷ್ಟ, ನೆಲ್ಲಿಕಾಯಿ ಉಪ್ಪಿನಕಾಯಿ ಥರ ಅನ್ನುತ್ತಾಳೆ. ಪ್ಯಾಕೆಟ್ಟಿನ ಹಿಂಭಾಗವನ್ನು ಫೋನಿನ ಕ್ಯಾಮೆರಾದಲ್ಲಿ ಅನುವಾದಿಸಿ ನೋಡಿಕೊಳ್ಳಿ. ಚಳಿಗೆ ‘ಓಶಿರುಕೊ’ ಸಿಕ್ಕರೆ ಬಿಡಬೇಡಿ. ಕೆಂಪು ಬೀನ್ಸಿನ ಬಿಸಿ ಪಾಯಸ.

ಧಾರವಾಡ ಪೇಢಾ · ಅಕ್ಟೋಬರ್ 11

ಅವಲಕ್ಕಿ ಎಲ್ಲಾ ಸರಿ ರೀ, ಕಡಕ್ ರೊಟ್ಟಿ ಮರೆತರೆ ಹೇಗೆ! ಹೆಪ್ಪುಗಟ್ಟುವುದಿಲ್ಲ, ಹಳಸುವುದಿಲ್ಲ, ನೀರು ಬೇಡ. ಶೇಂಗಾ ಚಟ್ನಿಪುಡಿ ಸವರಿ ಜಾಕೆಟ್ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಲಿಫ್ಟಿನ ಮೇಲೆ ಕೂತು ಮುರಿದು ತಿಂದದ್ದು. ಒಂದೇ ಸಲ ಬಿದ್ದೆ, ಕಿಸೆಯ ರೊಟ್ಟಿ ಎಲ್ಲ ಹಿಟ್ಟಾಗಿತ್ತು. ಆಮೇಲೆ ಸ್ಪೂನಿನಲ್ಲಿ ತಿಂದೆ.

ಉಡುಪಿಯ ಹಿಮಮಾನವ · ಅಕ್ಟೋಬರ್ 12

ಮಾರಾಯ್ರೆ, ನಾನು ಇರುವುದು ನೀಗಾತಾದ ಜೊಯೆತ್ಸು ಊರಿನಲ್ಲಿ. ಜಪಾನಿಗೆ ಸ್ಕೀ ಬಂದ ಊರೇ ಇದು. 1911ರ ಜನವರಿ 12ರಂದು ಆಸ್ಟ್ರಿಯಾ-ಹಂಗರಿಯ ಸೇನಾಧಿಕಾರಿ ಥಿಯೊಡೋರ್ ಫಾನ್ ಲೆರ್ಖ್ ಇಲ್ಲಿನ ತಕಾದಾದಲ್ಲಿ ಸೈನಿಕರಿಗೆ ಸ್ಕೀ ಕಲಿಸಲು ಶುರು ಮಾಡಿದ್ದು. ಈಗಲೂ ಜನವರಿ 12 ಇಲ್ಲಿ ಸ್ಕೀ ದಿನ. ಲೆರ್ಖ್ ಕಲಿಸಿದ್ದು ಒಂದೇ ಕೋಲಿನ ಸ್ಕೀ, ನಮ್ಮ ದೋಣಿ ಹುಟ್ಟು ಹಾಕಿದ ಹಾಗೆ. ಕನಾಯಾ ಗುಡ್ಡದ ಮೇಲೆ ಅವನ ಕಂಚಿನ ಪ್ರತಿಮೆ ಕೋಲು ಹಿಡಿದು ನಿಂತಿದೆ. ಅದೇ ಗುಡ್ಡದಲ್ಲಿ ಪುಟ್ಟ ಸ್ಕೀ ಇಳಿಜಾರು ಇದೆ. ನನ್ನ ಮಕ್ಕಳಿಬ್ಬರೂ ಅಲ್ಲೇ ಬಿದ್ದೆದ್ದು ಕಲಿತದ್ದು. ಟೋಕಿಯೊದವರು ಆ ಗುಡ್ಡ ನೋಡಿದರೆ ನಗುತ್ತಾರೆ.

ಸಣ್ಣ ಬೆಟ್ಟ ಯಾಕೆ ಇಷ್ಟು ಖಾಲಿ ಅಂತ ಗೊತ್ತಿರಲಿ. 1990ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಸ್ಕೀ ಹುಚ್ಚು ನೆತ್ತಿಗೇರಿತ್ತು. ಯುಜಾವಾದ ಗಾಲಾ ಸ್ಟೇಷನ್ 1990ರ ಡಿಸೆಂಬರಿನಲ್ಲಿ ತೆರೆದದ್ದು. ಶಿಂಕನ್ಸೆನ್ ಸ್ಟೇಷನ್ ಒಳಗಿಂದಲೇ ಬೆಟ್ಟಕ್ಕೆ ಗೊಂಡೊಲಾ, ಚಳಿಗಾಲ ಮುಗಿದರೆ ಸ್ಟೇಷನ್ನೇ ಬಂದ್! ಆಮೇಲೆ ಹುಚ್ಚು ಇಳಿಯಿತು, ಮಕ್ಕಳೂ ಕಡಿಮೆಯಾದರು. ಲಿಫ್ಟು, ಕ್ಯಾಂಟೀನು ಆ ಕಾಲದವೇ ಉಳಿದವು. ಎಷ್ಟೋ ಸಣ್ಣ ಬೆಟ್ಟ ಮುಚ್ಚಿಹೋದವು. ಉಳಿದವಕ್ಕೆ ಮಕ್ಕಳು ಬಂದರೆ ಹಬ್ಬ. ತುಂಬಾ ಕಡೆ ಶಾಲೆಗೆ ಸೇರದ ಮಕ್ಕಳಿಗೆ ಲಿಫ್ಟ್ ಪುಕ್ಕಟೆ.

ಕಾರು ಬಾಡಿಗೆ ಹಿಡಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇಂಟರ್‌ನ್ಯಾಷನಲ್ ಪರ್ಮಿಟ್ ನಡೆಯುತ್ತದೆ, ಅದಲ್ಲ ವಿಷಯ. 2020ರ ಡಿಸೆಂಬರಿನಲ್ಲಿ ಕನ್-ಎತ್ಸು ಹೆದ್ದಾರಿಯಲ್ಲಿ ಹಿಮ ಸುರಿದು 2,000ಕ್ಕೂ ಹೆಚ್ಚು ಗಾಡಿ ಸಿಕ್ಕಿಹಾಕಿಕೊಂಡವು. ಜನ ಎರಡು ರಾತ್ರಿ ಕಾರಿನಲ್ಲೇ ಕಳೆದರು. ಹಿಮದಲ್ಲಿ ಓಡಿಸಿ ಗೊತ್ತಿದ್ದವರ ಕತೆ ಅದು. ನಮ್ಮ ಕಡೆ ಜೂನ್ ಮಳೆಯಲ್ಲಿ ಆಗುಂಬೆ ಘಾಟಿ ಇಳಿಸಿದವರೂ ಇಲ್ಲಿ ಬ್ರೇಕ್ ಒತ್ತಿದರೆ ಕಾರು ತನ್ನ ಪಾಡಿಗೆ ಹೋಗುತ್ತದೆ. ಟೈರು ‘ಸ್ಟಡ್‌ಲೆಸ್’, ಅಂದರೆ ಹಿಮಕ್ಕೆಂದೇ ಮಾಡಿದ್ದು ಇರಬೇಕು, ಟೋಕಿಯೊದಲ್ಲಿ ಕೇಳಿ ಹಾಕಿಸಬೇಕು.

ಒಂದು ಮಾತ್ರ ಕಾಲ್ನಡಿಗೆಯಲ್ಲೇ ನೋಡಿ. ಯುಜಾವಾ ರಸ್ತೆ ನಡುವೆ ಸಾಲಾಗಿ ಸಣ್ಣ ತೂತುಗಳಿವೆ. ಅದರಿಂದ ಅಂತರ್ಜಲ ಚಿಮ್ಮಿ ಹಿಮ ಕರಗಿಸುತ್ತದೆ. ನೀರಿನ ಕಬ್ಬಿಣಕ್ಕೆ ರಸ್ತೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ, ನಮ್ಮೂರಿನ ಜಂಬಿಟ್ಟಿಗೆ ಅಂಗಳದ ಹಾಗೆ. ಮೊದಲ ಸಲ ನೋಡಿ ನನಗೆ ಊರಿನ ನೆನಪಾಗಿ ಗಂಟಲು ಕಟ್ಟಿತ್ತು. ನೀರು ಕಾಲಿಗೆ ಹಾರುತ್ತದೆ, ಬೂಟು ವಾಟರ್‌ಪ್ರೂಫ್ ಇರಲಿ.

ಬಸವನಗುಡಿ ಬೈಟು · ಅಕ್ಟೋಬರ್ 12

ಅಬ್ಬಾ, ಎಲ್ಲರಿಗೂ ಥ್ಯಾಂಕ್ಸ್. ರೈಲೇ ಗಟ್ಟಿ. ಇನ್ನೂ ಎರಡು ಪ್ರಶ್ನೆ. ಮಗಳಿಗೆ ನಾವೇ ಕಲಿಸಬಹುದಾ, ಇಲ್ಲ ಸ್ಕೂಲಿಗೆ ಹಾಕಬೇಕಾ? ಬಟ್ಟೆ ಬೆಂಗಳೂರಿನಲ್ಲೇ ಕೊಳ್ಳಬೇಕಾ?

ಕಸಾಯಿ ಕನ್ನಡತಿ · ಅಕ್ಟೋಬರ್ 12

ಸ್ಕೀ ಬರದವರು ಸ್ಕೀ ಕಲಿಸುವುದು ಹೇಗೆ ತಾಯಿ! ಸ್ಕೂಲಿಗೆ ಹಾಕಿ. ಸಾಮಾನ್ಯವಾಗಿ ನಾಲ್ಕೈದು ವರ್ಷ ತುಂಬಿದವರನ್ನು ಸೇರಿಸಿಕೊಳ್ಳುತ್ತಾರೆ. ಸಣ್ಣ ಬೆಟ್ಟದಲ್ಲಿ ಇಂಗ್ಲಿಷ್ ಬರುವವರು ಸಿಗದಿರಬಹುದು. ಮಕ್ಕಳಿಗೆ ಅದು ಲೆಕ್ಕಕ್ಕೇ ಇಲ್ಲ. ಇಲ್ಲಿ ಕಲಿಸುವ ಮೊದಲ ಪಾಠ ‘ಹಾ-ನೋ-ಜಿ’. ಜಪಾನೀಸ್‌ನಲ್ಲಿ ‘ಹಾ’ ಅಕ್ಷರ ಗುಡಿಸಲ ಮಾಡಿನ ಹಾಗೆ ಎರಡು ಓರೆ ಗೀಟು. ಸ್ಕೀಯ ಮುಂತುದಿ ಹತ್ತಿರ ತಂದು ಹಿಂತುದಿ ಅಗಲಿಸಿದರೆ ಅದೇ ಆಕಾರ, ಅದೇ ಬ್ರೇಕು. ಈಗಿನಿಂದಲೇ ಮನೆಯ ಹಾಲಿನಲ್ಲಿ ಸಾಕ್ಸ್ ಹಾಕಿಸಿ ಆಟದ ಹಾಗೆ ಮಾಡಿಸಿ. ಅಲ್ಲಿ ಮೇಷ್ಟ್ರು ‘ಹಾ!’ ಅಂದಾಗ ಅರ್ಥವಾದರೆ ಅರ್ಧ ಗೆದ್ದ ಹಾಗೆ.

ಬಟ್ಟೆ: ಜಾಕೆಟ್, ಪ್ಯಾಂಟು ಅಲ್ಲೇ ಬಾಡಿಗೆಗೆ ಸಿಗುತ್ತದೆ. ಕೈಗವಸು, ಟೋಪಿ, ಗಾಗಲ್ಸ್ ಮಾತ್ರ ಹೆಚ್ಚಿನ ಕಡೆ ಕೊಂಡುಕೊಳ್ಳಲೇಬೇಕು. ಮಕ್ಕಳದ್ದು ಹೊಸದೇ ಬೇಕೆಂದರೆ ನಿಶಿಮತ್ಸುಯಾ ಅಂಗಡಿಗೆ ಹೋಗಿ, ದುಬಾರಿ ಅಲ್ಲ. ಒಂದೇ ಪೀಸಿನ ಸೂಟು ಕೊಳ್ಳಬೇಡಿ, ಮೇಲೆ ಹೇಳಿದ ಕತೆ ನೆನಪಿರಲಿ. ಒಳಗೆ ಕಾಟನ್ ಬೇಡ, ಬೆವರು ಹೀರಿಕೊಂಡು ಮೈಗೇ ಐಸ್ ಕಟ್ಟಿದ ಹಾಗಾಗುತ್ತದೆ. ‘ಕೈರೊ’ ಅಂತ ಬಿಸಿ ಪ್ಯಾಕೆಟ್ ಸಿಗುತ್ತವೆ. ಮಗುವಿನ ಚರ್ಮಕ್ಕೆ ನೇರ ತಾಗಿಸಬೇಡಿ, ಗೊತ್ತಾಗದೆ ಸುಡುತ್ತದೆ.

ಹೊಸಕೋಟೆ ಟು ಯೊಕೊಹಾಮಾ · ಅಕ್ಟೋಬರ್ 13

ಬೂಟಿನ ಬಗ್ಗೆ ನನ್ನದೊಂದು ಸಂಕಟ. ಹೋದ ವರ್ಷ ಒಂದು ಬಾಡಿಗೆ ಅಂಗಡಿಯಲ್ಲಿ ಮಗನಿಗೆ 18 ಸೆಂಟಿಮೀಟರ್ ಬೂಟು ಮುಗಿದಿದೆ ಅಂತ 20 ಕೊಟ್ಟರು. ಎರಡು ಸಾಕ್ಸ್ ಹಾಕಿದರೆ ಸಾಕು ಅಂದರು. ನಾನೂ ತಲೆ ಅಲ್ಲಾಡಿಸಿದೆ. ದಿನವಿಡೀ ‘ಕಾಲು ನೋವು’ ಅಂತ ಅಳುತ್ತಿದ್ದ. ಸೋಮಾರಿತನ ಅಂತ ಗದರಿದೆ. ರಾತ್ರಿ ಸಾಕ್ಸ್ ಬಿಚ್ಚಿದರೆ ಹಿಮ್ಮಡಿಯ ಚರ್ಮ ಎರಡು ಕಡೆ ಕಿತ್ತುಬಂದಿತ್ತು. ಗದರಿದ್ದು ಇವತ್ತಿಗೂ ಚುಚ್ಚುತ್ತದೆ.

ಜಪಾನಿನಲ್ಲಿ ಚಪ್ಪಲಿ, ಶೂ, ಸ್ಕೀ ಬೂಟು ಎಲ್ಲದರ ಅಳತೆ ಸೆಂಟಿಮೀಟರಿನಲ್ಲೇ. ಮಗುವಿನ ಪಾದವನ್ನು ಗೋಡೆಗೆ ಒತ್ತಿ ಸ್ಕೇಲ್ ಹಿಡಿದು ಅಳೆದುಕೊಂಡು ಬನ್ನಿ. ಸಾಧ್ಯವಾದರೆ ಮೊದಲೇ ಸೈಜ್ ಹೇಳಿ ಬುಕ್ ಮಾಡಿ. ಒಂದೇ ಜೊತೆ ಉದ್ದ ಸಾಕ್ಸ್, ಒಳಗಿನ ಪ್ಯಾಂಟು ಬೂಟಿನೊಳಗೆ ಸೇರಿಸಬೇಡಿ.

ಸಪ್ಪೊರೊ ಸೊಸೆ · ಅಕ್ಟೋಬರ್ 13

ಅಯ್ಯೋ ಪಾಪ. ಇನ್ನೊಂದು ಸಣ್ಣ ಬೆಟ್ಟದ ಸಮಸ್ಯೆ ಹೇಳಲೇಬೇಕು, ಎಲ್ಲರೂ ಹೊಗಳುತ್ತಾ ಕೂತಿದ್ದೀರಿ. ಹಳೇ ಇಬ್ಬರ ಲಿಫ್ಟುಗಳಲ್ಲಿ ಮುಂದೆ ಅಡ್ಡಪಟ್ಟಿಯೇ ಇರುವುದಿಲ್ಲ. ಬೆಂಚಿನ ಮೇಲೆ ಕೂತು ಹೋಗಬೇಕು, ಕೆಳಗೆ ಏಳೆಂಟು ಮೀಟರ್. ಐದು ವರ್ಷದ ಮಗುವನ್ನು ಅದರಲ್ಲಿ ಕೂರಿಸಲು ನನ್ನ ಎದೆ ಒಪ್ಪುವುದಿಲ್ಲ.

ಕಸಾಯಿ ಕನ್ನಡತಿ · ಅಕ್ಟೋಬರ್ 13

ಇದನ್ನು ನಾನೇ ಹೇಳಬೇಕಿತ್ತು, ತಪ್ಪಾಯಿತು. ನಿಜ. ಮೊದಲ ದಿನ ಲಿಫ್ಟ್ ಬೇಡವೇ ಬೇಡ. ಮಕ್ಕಳ ಜಾಗದಲ್ಲಿ ನೆಲದ ಮೇಲೆ ಚಲಿಸುವ ಬೆಲ್ಟ್ ಇರುತ್ತದೆ. ನಿಂತರೆ ಸಾಕು, ಮೇಲಕ್ಕೆ ಒಯ್ಯುತ್ತದೆ. ಬುಕ್ ಮಾಡುವ ಮೊದಲು ಅದು ಇದೆಯಾ ಅಂತ ನೋಡಿ. ಲಿಫ್ಟ್ ಹತ್ತಲೇಬೇಕಾದರೆ ಅಲ್ಲಿರುವ ಅಜ್ಜನಿಗೆ ‘ಯುಕ್ಕುರಿ ಒನೆಗಾಯ್‌ಶಿಮಸ್’ ಅನ್ನಿ. ನಿಧಾನ ಮಾಡುತ್ತಾರೆ, ಮಗುವನ್ನು ಎತ್ತಿ ಕೂರಿಸುತ್ತಾರೆ. ಹಿಂದೆ ಹತ್ತು ಜನ ಕಾಯುತ್ತಿದ್ದರೂ ಯಾರೂ ಮುಖ ಸಿಂಡರಿಸುವುದಿಲ್ಲ. ಬೆನ್ನಿಗೆ ಬ್ಯಾಗ್ ಹಾಕಿಸಬೇಡಿ, ಮಗು ಹಿಂದಕ್ಕೆ ಸರಿದು ಕೂರಲು ಆಗುವುದಿಲ್ಲ.

ಹೆಲ್ಮೆಟ್ ಬಾಡಿಗೆಗೆ ಕೇಳಿ ತೆಗೆದುಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಕೊಳ್ಳುವಾಗ ಸ್ಕೀ ಸೇರಿದೆಯಾ ಅಂತ ಓದಿ, ಎಷ್ಟೋ ಪಾಲಿಸಿಗಳಲ್ಲಿ ಹಿಮದ ಆಟಗಳನ್ನು ಬಿಟ್ಟಿರುತ್ತಾರೆ. ಇಲ್ಲೇ ಇರುವವರಿಗೂ ಒಂದು ಮಾತು. ನಮ್ಮ ವಾರ್ಡಿನ ಮಕ್ಕಳ ವೈದ್ಯಕೀಯ ಕಾರ್ಡು ನೀಗಾತಾ, ನಾಗಾನೊದ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಅಲ್ಲಿ 20ರಿಂದ 30 ಪರ್ಸೆಂಟ್ ಕೈಯಿಂದ ಕಟ್ಟಿ, ರಸೀದಿ ತಂದು ವಾರ್ಡ್ ಆಫೀಸಿನಲ್ಲಿ ವಾಪಸ್ ಕೇಳಬೇಕು.

ಉಡುಪಿಯ ಹಿಮಮಾನವ · ಅಕ್ಟೋಬರ್ 14

ಉಳಿಯಲು ಮಿನ್‌ಶುಕು ಹುಡುಕಿ. ಅಂದರೆ ಮನೆಯವರೇ ನಡೆಸುವ ವಸತಿ. ಚಾಪೆ ನೆಲ, ಅದರ ಮೇಲೆ ಹಾಸಿಗೆ. ಅತ್ತೆಯವರ ಮಂಡಿಗೆ ನೆಲದಿಂದ ಏಳುವುದು ಕಷ್ಟ ಅಂದರೆ ಮಂಚ ಇದೆಯಾ ಅಂತ ಮೊದಲೇ ಕೇಳಿ. ರಾತ್ರಿ ಊಟ ಆರು ಗಂಟೆಗೆ, ತಡ ಮಾಡಿದರೆ ಅಜ್ಜಿ ಬೇಜಾರಾಗುತ್ತಾರೆ. ಊಟ ಬೇಡ ಅಂತ ಹೇಳಿ ಬರೀ ರೂಮು ತೆಗೆದುಕೊಂಡರೆ ನಿಮಗೂ ಅವರಿಗೂ ತಲೆಬಿಸಿ ಇಲ್ಲ.

ಓನ್‌ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನ: ಬಟ್ಟೆ ಪೂರ್ತಿ ತೆಗೆಯಬೇಕು, ಗಂಡು ಹೆಣ್ಣು ಬೇರೆ ಬೇರೆ. ಸಣ್ಣ ಮಕ್ಕಳು ಅಪ್ಪ, ಅಮ್ಮ ಯಾರ ಜೊತೆಗಾದರೂ ಹೋಗಬಹುದು. 2020ರ ಕೊನೆಯಲ್ಲಿ ಸರ್ಕಾರ ಮಾರ್ಗಸೂಚಿ ಬದಲಿಸಿ ಆ ವಯಸ್ಸನ್ನು ಏಳು ವರ್ಷದ ಆಸುಪಾಸಿಗೆ ಇಳಿಸಿದೆ. ನಿಮ್ಮ ಮಗಳಿಗೆ ಐದು, ತೊಂದರೆ ಇಲ್ಲ. ಸಂಕೋಚ ಅನ್ನಿಸಿದರೆ ‘ಕಾಶಿಕಿರಿ’ ಅಂತ ಒಂದು ಕುಟುಂಬಕ್ಕೆ ಮಾತ್ರ ಕೊಡುವ ಸ್ನಾನದಮನೆ ಕೇಳಿ. ದೀಪಾವಳಿಯ ಎಣ್ಣೆ ಸ್ನಾನದ ಬಿಸಿ ತಡೆಯುವವರಿಗೂ ಇಲ್ಲಿ ಮೊದಲ ಹೆಜ್ಜೆಗೆ ‘ಅಮ್ಮಾ’ ಅನ್ನಿಸುತ್ತದೆ.

ಬಸವನಗುಡಿ ಬೈಟು · ಫೆಬ್ರವರಿ 6

ಹೋಗಿಬಂದೆವು! ಬರೆಯದಿದ್ದರೆ ನನ್ನ ಮನಸ್ಸಿಗೆ ಸಮಾಧಾನ ಇಲ್ಲ.

ನಕಾಜಾತೊಗೇ ಹೋದೆವು, ಎರಡು ರಾತ್ರಿ. ಮಂಗಳವಾರ, ಬುಧವಾರ. ಶಿಂಕನ್ಸೆನ್‌ನಲ್ಲಿ ಮಗಳಿಗೆ ಸೀಟು ಬೇಕಿರಲಿಲ್ಲ, ಆರು ತುಂಬುವ ತನಕ ತೊಡೆಯ ಮೇಲೆ ಫ್ರೀ. ಆದರೂ ಅರ್ಧ ಟಿಕೆಟ್ ಕೊಟ್ಟು ಸೀಟು ತೆಗೆದುಕೊಂಡೆವು, ಒಳ್ಳೆಯದೇ ಆಯಿತು. ಸುರಂಗದ ಆಚೆ ಬಂದಾಗ ಅತ್ತೆ ‘ಅಯ್ಯೋ, ಊರೆಲ್ಲ ಮೊಸರನ್ನ ಮಾಡಿಬಿಟ್ಟಿದ್ದಾರೆ’ ಅಂದರು.

ಅತ್ತೆ ಸೀರೆ ಬಿಡಲಿಲ್ಲ. ಒಳಗೆ ಎರಡು ಥರ್ಮಲ್ ಪ್ಯಾಂಟು, ಮೇಲೆ ಸೀರೆ, ಅದರ ಮೇಲೆ ನನ್ನ ಮನೆಯವರ ಉದ್ದ ಜಾಕೆಟ್, ಕಾಲಿಗೆ ಗಮ್‌ಬೂಟು. ರೈಲು ಬೋಗಿಯಲ್ಲಿ ಕಿಟಕಿ ಪಕ್ಕ ಕೂತರು. ಎದುರಿನ ಸೀಟಿನಲ್ಲಿ ಒಬ್ಬ ಜಪಾನಿ ಅಜ್ಜಿ, ಅವರೂ ಮೊಮ್ಮಗನನ್ನು ಕಾಯುತ್ತಿದ್ದವರು. ಅವರು ಕಿತ್ತಳೆಯ ಹಾಗಿರುವ ಮಿಕಾನ್ ಹಣ್ಣು ಕೊಟ್ಟರು, ಅತ್ತೆ ಚಕ್ಕುಲಿ ಕೊಟ್ಟರು. ಮಧ್ಯಾಹ್ನ ಬಂದು ನೋಡಿದರೆ ಇಬ್ಬರೂ ಮಂಡಿ ಮುಟ್ಟಿ ತೋರಿಸಿಕೊಂಡು ಮಾತಾಡುತ್ತಿದ್ದಾರೆ. ಒಬ್ಬರು ಕನ್ನಡ, ಒಬ್ಬರು ಜಪಾನೀಸ್. ‘ಅವರಿಗೂ ಎಡಗಾಲಂತೆ’ ಅಂದರು ಅತ್ತೆ. ಹೇಗೆ ಗೊತ್ತಾಯಿತೋ!

ಮಗಳು ಮೊದಲ ದಿನ ಬೆಳಗ್ಗೆ ಸ್ಕೂಲಿನಲ್ಲಿ ಅರ್ಧ ಗಂಟೆ ಅತ್ತಳು. ಆಮೇಲೆ ಮೇಷ್ಟ್ರು ‘ಹಾ!’ ಅಂದಾಗ ಇವಳೊಬ್ಬಳೇ ಸರಿಯಾಗಿ ನಿಂತಳಂತೆ, ಎರಡು ಕೈ ಮೇಲೆತ್ತಿ. ಹಾಲಿನ ಪ್ರಾಕ್ಟೀಸು. ಎರಡನೇ ದಿನ ಸ್ಕೀ ಮುಟ್ಟಲಿಲ್ಲ. ಪ್ಲಾಸ್ಟಿಕ್ ಸೋರಿಯಲ್ಲಿ, ಅಂದರೆ ಜಾರುಬಂಡಿಯಲ್ಲಿ, ಜಾರುವುದು, ಸಲಿಕೆಯಲ್ಲಿ ಹಿಮ ಅಗೆಯುವುದು, ಇಷ್ಟೇ. ನನ್ನ ಗಂಡ ‘ಬಾಡಿಗೆ ಕೊಟ್ಟಿದ್ದೇವೆ’ ಅಂತ ಗೊಣಗಿದರು. ಆಮೇಲೆ ಅವರೇ ಸೋರಿಗೆ ಸಾಲು ನಿಂತರು.

ಸೂಸು ಒಟ್ಟು ಆರು ಸಲ. ಆರಕ್ಕೆ ಆರೂ ಸಮಯಕ್ಕೆ ಸರಿಯಾಗಿ ತಲುಪಿದೆವು, ಅಕ್ಕ.

ಕೈಗವಸು ಎರಡು ಜೊತೆ ಒಯ್ದದ್ದು ಸಾಲಲಿಲ್ಲ, ಮೂರು ಬೇಕಿತ್ತು. ಸೊಸೆಯವರು ಹೇಳಿದ್ದು ನಿಜ, ಹಿಂಡಿದರೆ ನೀರು. ಓನ್‌ಸೆನ್‌ಗೆ ಅತ್ತೆ ಮೊದಲು ‘ಛೀ’ ಅಂದರು. ಕಾಶಿಕಿರಿ ಸಿಕ್ಕಿತು. ನಲವತ್ತು ನಿಮಿಷ ಆದರೂ ಏಳಲಿಲ್ಲ. ಹೊರಗೆ ಬಂದು ಮಂಡಿ ಮಡಚಿ ತೋರಿಸಿದರು.

ನೀಲಿ ಸೋರಿ ಒಂದು ಕೊಂಡಿದ್ದೆವು, ವಿಮಾನಕ್ಕೆ ತರಲು ಆಗಲಿಲ್ಲ. ವಾಪಸ್ ಬರುವಾಗ ಕನ್ನಡತಿ ಅಕ್ಕನ ಮನೆಯಲ್ಲಿ ಊಟ ಮಾಡಿ ಅಲ್ಲೇ ಬಿಟ್ಟು ಬಂದಿದ್ದೇನೆ. ಯಾರಿಗಾದರೂ ಬೇಕಾ?

ಧಾರವಾಡ ಪೇಢಾ · ಫೆಬ್ರವರಿ 6

ನನಗೆ ಬೇಕ್ರೀ. 23ಕ್ಕೆ ರಜೆ ಇದೆ, ಮಗಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ರೊಟ್ಟಿ ಈ ಸಲ ಡಬ್ಬಿಯಲ್ಲಿ.

ಕಸಾಯಿ ಕನ್ನಡತಿ · ಫೆಬ್ರವರಿ 6

ಶನಿವಾರ ಸಂಜೆ ಬಂದು ತೆಗೆದುಕೊಂಡು ಹೋಗಿ. ಬರುವಾಗ ಶೇಂಗಾ ಚಟ್ನಿಪುಡಿ ಇರಲಿ.